ಕಾಣದ ಕಡ್ಡಿಯ ಭ್ರಮೆ

ಮೇಜಿನ ಮೇಲೆ ಪುಟ್ಟ ಸೈನ್ಯಗಳನ್ನು ಹೂಡಿ, ಅಳತೆಪಟ್ಟಿ ಹಿಡಿದು, ದಾಳ ಉರುಳಿಸಿ ಆಡುವ ವಾರ್‌ಗೇಮ್‌ಗಳಲ್ಲಿ ಹಾರುವ ಬೊಂಬೆಗಳದ್ದೇ ಒಂದು ಬೇರೆ ಪಂಗಡ. ಮೊದಲ ಮಹಾಯುದ್ಧದ ಬೈಪ್ಲೇನ್, ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್, ಕಲ್ಪಿತ ಲೋಕದ ಡ್ರ್ಯಾಗನ್, ದೂರದ ಭವಿಷ್ಯದ ಗಗನನೌಕೆ, ಇವೆಲ್ಲ ಮೇಜಿನಿಂದ ಕೆಲವು ಅಂಗುಲ ಮೇಲಕ್ಕೆ ನಿಲ್ಲಬೇಕು. ಅವನ್ನು ನಿಲ್ಲಿಸುವುದು ಒಂದು ಕಡ್ಡಿ, ಕಡ್ಡಿಯ ಕೆಳಗೊಂದು ತಳ. ಹವ್ಯಾಸಿಗಳು ಸ್ಟ್ಯಾಂಡ್ ಎನ್ನುವುದು ಇದಕ್ಕೇ. ಈ ಸ್ಟ್ಯಾಂಡಿನ ವಿಚಾರದಲ್ಲಿ ಒಂದು ಅಭಿಪ್ರಾಯ ಹವ್ಯಾಸದ ಉದ್ದಗಲಕ್ಕೂ ಬೇರೂರಿದೆ: ಒಳ್ಳೆಯ ಸ್ಟ್ಯಾಂಡ್ ಕಣ್ಣಿಗೆ ಬೀಳಬಾರದು, ಬಿದ್ದಷ್ಟೂ ಹಾರಾಟದ ಭ್ರಮೆ ಕೆಡುತ್ತದೆ, ಆದ್ದರಿಂದ ಅದು ಗಾಜಿನಂತೆ ಪಾರದರ್ಶಕವಾಗಿರಬೇಕು, ಅದೂ ಸಾಲದಿದ್ದರೆ ಹೊಗೆಯಲ್ಲೋ ಬಂಡೆಯಲ್ಲೋ ಅದನ್ನು ಮರೆಮಾಡಬೇಕು. ಬೊಂಬೆಗೆ ವಾರಗಟ್ಟಲೆ ಬಣ್ಣ ಹಚ್ಚುವವರು ಸ್ಟ್ಯಾಂಡಿಗೆ ಹತ್ತು ನಿಮಿಷವನ್ನೂ ಕೊಡದಿರುವುದಕ್ಕೆ ಈ ಅಭಿಪ್ರಾಯವೇ ಮೂಲ. ಕಾಣಬಾರದ ವಸ್ತುವಿಗೆ ಯಾರು ತಾನೇ ಶ್ರಮ ಹಾಕುತ್ತಾರೆ? ಇದು ಬುಡದಿಂದಲೇ ತಪ್ಪು ಎಂಬುದು ನನ್ನ ವಾದ. ಪಾರದರ್ಶಕ ಕಡ್ಡಿ ಕಾಣದೆ ಇರುವುದಿಲ್ಲ. ಕಾಣದಂತಿರಲು ಹೋಗಿ ಅದು ತನ್ನ ನಿಜವಾದ ಕೆಲಸಗಳನ್ನು ಬಿಟ್ಟುಕೊಡುತ್ತದೆ. ಸ್ಟ್ಯಾಂಡ್ ಬೊಂಬೆಯ ಒಂದು ಅಂಗ. ಭಾರ ಹೊರುವುದು, ಭಂಗಿ ಕೊಡುವುದು, ಆಟದ ಸ್ಥಿತಿಯನ್ನು ತಿಳಿಸುವುದು ಅದರ ಕೆಲಸ. ಈ ಕೆಲಸಗಳನ್ನು ಅದು ಎಷ್ಟು ಚೆನ್ನಾಗಿ ಮಾಡುತ್ತದೆ ಎಂಬುದರಿಂದ ಅದನ್ನು ಅಳೆಯಬೇಕು.

ಈ ಅಭಿಪ್ರಾಯ ಕಲೆಯ ತತ್ವವಾಗಿ ಹುಟ್ಟಿದ್ದಲ್ಲ ಎಂಬುದನ್ನು ಮೊದಲು ಗಮನಿಸಬೇಕು. 1960ರ ದಶಕದಲ್ಲಿ ಅಮೆರಿಕದ ಮೈಕ್ ಕಾರ್ ರೂಪಿಸಿದ ‘ಫೈಟ್ ಇನ್ ದ ಸ್ಕೈಸ್’ನಂಥ ವೈಮಾನಿಕ ಆಟಗಳಲ್ಲಿ ವಿಮಾನದ ಎತ್ತರವನ್ನು ಕಾಗದದ ಮೇಲೆ ಬರೆದಿಡುತ್ತಿದ್ದರು. ಎತ್ತರವನ್ನು ಕಣ್ಣಾರೆ ಕಾಣಬೇಕೆಂದ ಆಟಗಾರರು ರೇಡಿಯೋದ ಮಡಚುವ ಆಂಟೆನಾವನ್ನು ಮರದ ಹಲಗೆಗೆ ನಿಲ್ಲಿಸಿ, ಅದರ ತುದಿಗೆ ವಿಮಾನ ಸಿಕ್ಕಿಸಿದರು. ವಿಮಾನ ಮೇಲೇರಿದರೆ ಆಂಟೆನಾ ಎಳೆ, ಇಳಿದರೆ ಒತ್ತು. ಫಳಫಳ ಹೊಳೆಯುವ ಆ ಲೋಹದ ಕೋಲನ್ನು ಯಾರೂ ಬಚ್ಚಿಡಲಿಲ್ಲ, ಅದರಿಂದ ಯಾರ ಆಟವೂ ಕೆಡಲಿಲ್ಲ. ಮುಂದೆ ಪ್ಲಾಸ್ಟಿಕ್ ಅಚ್ಚಿನ ಬೊಂಬೆಗಳ ಕಾಲ ಬಂತು. ಪೆಟ್ಟಿಗೆಯಲ್ಲೇ ಒಂದು ಪಾರದರ್ಶಕ ಕಡ್ಡಿ, ಒಂದು ತಳ ಸೇರಿ ಬರತೊಡಗಿದವು. ತಯಾರಕರಿಗೆ ಅದರ ಅನುಕೂಲ ಸ್ಪಷ್ಟ. ಪಾರದರ್ಶಕ ಕಡ್ಡಿಗೆ ಬಣ್ಣ ಬಳಿಯಬೇಕಿಲ್ಲ. ಒಂದೇ ಅಚ್ಚಿನ ಕಡ್ಡಿ ಹತ್ತಾರು ಬಗೆಯ ಬೊಂಬೆಗಳಿಗೆ, ಯಾವ ಬಣ್ಣದ ಸೈನ್ಯಕ್ಕಾದರೂ ಹೊಂದುತ್ತದೆ. ಇದು ಕಾರ್ಖಾನೆಯ ನ್ಯಾಯವಾದ ಲೆಕ್ಕಾಚಾರ. ಅದರಲ್ಲಿ ತಪ್ಪು ಹುಡುಕುವಂಥದ್ದೇನೂ ಇಲ್ಲ. ತಪ್ಪಾದದ್ದು ಆಮೇಲೆ. ಪೆಟ್ಟಿಗೆಯಲ್ಲಿ ಬಂದದ್ದನ್ನೇ ನೋಡಿ ನೋಡಿ, ಅದು ಹಾಗಿರುವುದೇ ಸರಿ ಎಂದು ನಂಬಿದೆವು. ಉತ್ಪಾದನೆಯ ಅನುಕೂಲಕ್ಕೆ ಸೌಂದರ್ಯಶಾಸ್ತ್ರದ ಪಟ್ಟ ಕಟ್ಟಿದೆವು. ಆ ಪಟ್ಟಕ್ಕೆ ಅದು ಅರ್ಹವೇ ಎಂದು ಪರೀಕ್ಷಿಸಲು ಯಾರೂ ಹೋಗಲಿಲ್ಲ.

ಪರೀಕ್ಷೆಯನ್ನು ಬೆಳಕಿನಿಂದಲೇ ಆರಂಭಿಸೋಣ. ಪಾರದರ್ಶಕ ಎಂದರೆ ಅದೃಶ್ಯ ಎಂಬುದು ದೊಡ್ಡ ತಪ್ಪು ತಿಳಿವಳಿಕೆ. ಅಕ್ರಿಲಿಕ್‌ನ ವಕ್ರೀಭವನಾಂಕ ಸುಮಾರು 1.49, ಪಾಲಿಸ್ಟೈರೀನ್‌ನದು ಸುಮಾರು 1.59, ಗಾಳಿಯದು 1. ಬೆಳಕು ಗಾಳಿಯಿಂದ ಅಕ್ರಿಲಿಕ್‌ಗೆ ನೇರವಾಗಿ ಬಿದ್ದಾಗಲೂ ಶೇಕಡಾ 4ರಷ್ಟು ಮೇಲ್ಮೈಯಿಂದಲೇ ಹಿಂದಿರುಗುತ್ತದೆ, ಓರೆಯಾಗಿ ಬಿದ್ದರೆ ಇನ್ನೂ ಹೆಚ್ಚು. ಅದರ ಮೇಲೆ ಕಡ್ಡಿಯ ಆಕಾರ ಗುಂಡು. ಗುಂಡಗಿನ ಪಾರದರ್ಶಕ ಕಡ್ಡಿ ಒಂದು ಮಸೂರ. ಹಿಂದಿರುವ ದೃಶ್ಯವನ್ನು ಅದು ಎಡಬಲ ತಿರುಗಿಸಿ ತೋರಿಸುತ್ತದೆ. ಅಂಚುಗಳಲ್ಲಿ ಬೆಳಕು ಬಾಗಿ ಎರಡು ಕಪ್ಪು ಗೆರೆಗಳು ಮೂಡುತ್ತವೆ. ನಡುವೆ ಮೇಲಿನ ದೀಪದ ಪ್ರತಿಬಿಂಬ ಉದ್ದಕ್ಕೂ ಬಿಳಿ ಗೀಟಾಗಿ ಉರಿಯುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಹಸಿರು ಹುಲ್ಲಿನ ಮೇಜಿನ ಮೇಲೆ ಇಂಥ ಕಡ್ಡಿಯನ್ನು ನಿಲ್ಲಿಸಿ ನೋಡಿದರೆ ಸಾಕು. ಇಡೀ ಮೇಜಿನಲ್ಲಿ ಅತಿ ಹೊಳೆಯುವ ವಸ್ತು ಅದೇ. ಬೊಂಬೆಗಳಿಗೆ ಮ್ಯಾಟ್ ವಾರ್ನಿಶ್ ಬಳಿದು ಹೊಳಪನ್ನೆಲ್ಲ ಅಳಿಸಿರುವಾಗ, ಈ ಒಂದು ಕಡ್ಡಿ ಮಾತ್ರ ಥಳಥಳಿಸುತ್ತ ಕಣ್ಣನ್ನು ತನ್ನತ್ತ ಸೆಳೆಯುತ್ತದೆ. ನಮ್ಮ ಕಣ್ಣಿಗೆ ಒಂದು ವಸ್ತು ಎದ್ದು ಕಾಣುವುದು ಅದರ ಅಂಚು, ಹೊಳಪು ಮತ್ತು ದಪ್ಪದಿಂದ. ಈ ಮೂರೂ ಲೆಕ್ಕದಲ್ಲಿ 3 ಮಿ.ಮೀ. ಪಾರದರ್ಶಕ ಕಡ್ಡಿಗಿಂತ, ಹೊಳಪಿಲ್ಲದ ಕಡು ಬೂದು ಬಣ್ಣ ಬಳಿದ 1.5 ಮಿ.ಮೀ. ಉಕ್ಕಿನ ತಂತಿ ಹೆಚ್ಚು ಮೌನವಾಗಿರುತ್ತದೆ. ಕಾಣಿಸದಿರುವುದೇ ಗುರಿ ಎಂದು ಒಪ್ಪಿಕೊಂಡರೂ ಪಾರದರ್ಶಕ ಕಡ್ಡಿ ಆ ಗುರಿಯನ್ನು ಮುಟ್ಟುವುದಿಲ್ಲ.

ಅದೂ ಹೊಸದಾಗಿದ್ದಾಗಿನ ಮಾತು. ಬಳಸುತ್ತ ಹೋದಂತೆ ಅದರ ಸ್ಥಿತಿ ಇನ್ನೂ ಕೆಡುತ್ತದೆ. ಸೂಪರ್ ಗ್ಲೂ ಒಣಗುವಾಗ ಏಳುವ ಆವಿ ಸುತ್ತಲಿನ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಮಂಜಾಗಿ ಕೂರುತ್ತದೆ. ಕಡ್ಡಿಯನ್ನು ಬೊಂಬೆಗೆ ಅಂಟಿಸಿದ ಜಾಗದಲ್ಲೇ, ಅಂದರೆ ನೋಡುವವರ ಕಣ್ಣು ಹೋಗುವಲ್ಲೇ, ಆ ಕಲೆ ಉಳಿಯುತ್ತದೆ. ಕೈಯ ಎಣ್ಣೆಜಿಡ್ಡು, ಉಗುರಿನ ಗೀರು, ಸ್ಥಿರ ವಿದ್ಯುತ್ತಿಗೆ ಅಂಟುವ ಧೂಳು ಎಲ್ಲವೂ ಅದರ ಮೇಲೆ ದಾಖಲಾಗುತ್ತವೆ. ಬೊಂಬೆಯ ಭಾರದಿಂದ ಸದಾ ಬಾಗಿ ನಿಂತ ಅಕ್ರಿಲಿಕ್ ಕಡ್ಡಿಯನ್ನು ಆಲ್ಕೋಹಾಲಿನಿಂದ ಒರೆಸಿದರೆ ಮೈಯೊಳಗೆ ಕೂದಲೆಳೆಯಂಥ ಬಿರುಕುಗಳು ಹರಡಬಹುದು. ಪಾಲಿಸ್ಟೈರೀನ್ ಬಿಸಿಲಿಗೆ ಕ್ರಮೇಣ ಹಳದಿಗೆ ತಿರುಗುತ್ತದೆ. ಬಣ್ಣ ಬಳಿದ ಲೋಹದ ಕಡ್ಡಿ ಮಾಸಿದರೆ ಅದರ ಮೇಲೆ ಮತ್ತೊಂದು ಕೈ ಬಣ್ಣ ಎಳೆದರಾಯಿತು. ಮಂಜಾದ ಪ್ಲಾಸ್ಟಿಕ್ಕಿಗೆ ಅಂಥ ಸುಲಭದ ಮದ್ದಿಲ್ಲ. ವರ್ಷಗಳ ಕಾಲ ಉಳಿಯಲಿ ಎಂದು ಬಣ್ಣ ಹಚ್ಚಿದ ಬೊಂಬೆಗೆ, ಕೆಲವೇ ಕಾಲದಲ್ಲಿ ಕೊಳಕಾಗುವ ಭಾಗವನ್ನು ಜೋಡಿಸಿ, ಅದೇ ಅಚ್ಚುಕಟ್ಟು ಎಂದು ಸಮಾಧಾನ ಪಡುವುದು ಸರಿಯಲ್ಲ.

ಬೆಳಕಿಗಿಂತ ದೊಡ್ಡ ಪ್ರಶ್ನೆ ಬಲದ್ದು. ಸ್ಟ್ಯಾಂಡಿನ ಮೊದಲ ಕರ್ತವ್ಯ ಹೊರುವುದು, ಈ ಕರ್ತವ್ಯದಲ್ಲಿ ಪಾರದರ್ಶಕ ಕಡ್ಡಿ ಎಷ್ಟು ಹಿಂದಿದೆ ಎಂಬುದನ್ನು ಲೆಕ್ಕ ಹಾಕಿಯೇ ತೋರಿಸಬಹುದು. ಗುಂಡು ಕಡ್ಡಿಯ ಬಾಗುವಿಕೆಯನ್ನು ತಡೆಯುವ ಶಕ್ತಿ ಎರಡರಿಂದ ಬರುತ್ತದೆ: ವಸ್ತುವಿನ ಬಿಗಿತ ಮತ್ತು ವ್ಯಾಸದ ನಾಲ್ಕನೆಯ ಘಾತ. ಅಕ್ರಿಲಿಕ್‌ನ ಬಿಗಿತ ಸುಮಾರು 3 ಗಿಗಾಪ್ಯಾಸ್ಕಲ್, ಹಿತ್ತಾಳೆಯದು ಸುಮಾರು 100, ಉಕ್ಕಿನದು ಸುಮಾರು 200. ಹಾಗಾಗಿ 3 ಮಿ.ಮೀ. ಅಕ್ರಿಲಿಕ್ ಕಡ್ಡಿಯ ಅರ್ಧದಷ್ಟೇ ದಪ್ಪದ, 1.5 ಮಿ.ಮೀ. ಉಕ್ಕಿನ ತಂತಿ ಅದಕ್ಕಿಂತ ಸುಮಾರು ನಾಲ್ಕು ಪಟ್ಟು ಬಿಗಿ. ಸೈಕಲ್ ಚಕ್ರದ ಸಾಮಾನ್ಯ ಸ್ಪೋಕ್ ಕಡ್ಡಿ 2 ಮಿ.ಮೀ. ದಪ್ಪ, ಅದು ಅಕ್ರಿಲಿಕ್ ಕಡ್ಡಿಗಿಂತ ಸುಮಾರು ಹದಿಮೂರು ಪಟ್ಟು ಬಿಗಿ. ಎತ್ತರ ಹೆಚ್ಚಿಸುವವರಿಗೆ ಇದು ಇನ್ನೂ ಮುಖ್ಯ. ಕಡ್ಡಿಯ ಉದ್ದ ಎರಡು ಪಟ್ಟಾದರೆ ಅದೇ ತಳ್ಳುವಿಕೆಗೆ ಬಾಗುವುದು ಎಂಟು ಪಟ್ಟಾಗುತ್ತದೆ. ಮೇಜು ಅಲುಗಿದರೆ ಪಾರದರ್ಶಕ ಕಡ್ಡಿಯ ಮೇಲಿನ ವಿಮಾನ ತಲೆದೂಗುತ್ತ ನಿಲ್ಲುವುದು ಇದರಿಂದಲೇ. ಮುರಿಯುವ ರೀತಿಯೂ ಬೇರೆ. ಉಕ್ಕು ಮೊದಲು ಬಾಗುತ್ತದೆ, ನೆಟ್ಟಗೆ ಮಾಡಿಕೊಳ್ಳಬಹುದು. ಅಕ್ರಿಲಿಕ್ಕೂ ಸಾದಾ ಪಾಲಿಸ್ಟೈರೀನೂ ಮುನ್ಸೂಚನೆ ಕೊಡದೆ ಪಟ್ಟನೆ ಮುರಿಯುತ್ತವೆ. ಅದೂ ಎಲ್ಲಿ? ಬೊಂಬೆಯ ಹೊಟ್ಟೆಯೊಳಗೆ ಹೋಗಲೆಂದು ತುದಿಯನ್ನು ಸಣ್ಣಗೆ ಮಾಡಿದ ಜಾಗದಲ್ಲಿ, ಇಲ್ಲವೇ ತಳದ ತೂತಿಗೆ ಕೂರುವ ಜಾಗದಲ್ಲಿ. ದಪ್ಪ ಥಟ್ಟನೆ ಬದಲಾಗುವ ಕಡೆಯೇ ಒತ್ತಡ ಒಟ್ಟುಗೂಡುತ್ತದೆ. ಮುರಿದ ಚೂರು ಹೊಟ್ಟೆಯೊಳಗೇ ಸಿಕ್ಕಿಕೊಂಡರೆ ಅದನ್ನು ಕೊರೆದು ತೆಗೆಯುವಷ್ಟರಲ್ಲಿ ಬಣ್ಣವೂ ಹಾಳು.

ಬೀಳುವ ಸಮಸ್ಯೆಗೂ ಉತ್ತರ ಕಡ್ಡಿಯನ್ನು ಕಾಣದಂತೆ ಮಾಡುವುದರಲ್ಲಿ ಇಲ್ಲ, ತಳವನ್ನು ಗಂಭೀರವಾಗಿ ತೆಗೆದುಕೊಳ್ಳುವುದರಲ್ಲಿದೆ. ಒಂದು ಉದಾಹರಣೆ ಹಿಡಿಯೋಣ. 30 ಗ್ರಾಂ ತೂಕದ ಬೊಂಬೆ ಮೇಜಿನಿಂದ 100 ಮಿ.ಮೀ. ಎತ್ತರದಲ್ಲಿದೆ; 60 ಮಿ.ಮೀ. ವ್ಯಾಸದ ಪ್ಲಾಸ್ಟಿಕ್ ತಳದ ತೂಕ 10 ಗ್ರಾಂ. ಕಡ್ಡಿಯ ತೂಕ ಬಿಟ್ಟರೆ, ಒಟ್ಟು ಗುರುತ್ವಕೇಂದ್ರ ಸುಮಾರು 76 ಮಿ.ಮೀ. ಎತ್ತರದಲ್ಲಿರುತ್ತದೆ, 22 ಡಿಗ್ರಿಯಷ್ಟು ವಾಲಿದರೆ ಎಲ್ಲವೂ ಉರುಳುತ್ತದೆ. ಅದೇ ತಳಕ್ಕೆ 50 ಗ್ರಾಂ ತೂಕದ ಉಕ್ಕಿನ ವಾಷರ್ ಒಂದನ್ನು ಅಂಟಿಸಿದರೆ ಗುರುತ್ವಕೇಂದ್ರ ಸುಮಾರು 35 ಮಿ.ಮೀ.ಗೆ ಇಳಿಯುತ್ತದೆ, ಉರುಳಲು ಸುಮಾರು 40 ಡಿಗ್ರಿ ವಾಲಬೇಕಾಗುತ್ತದೆ. ಕಡ್ಡಿ ಅದೇ, ಬೊಂಬೆ ಅದೇ, ತಳದ ಅಗಲವೂ ಅದೇ. ಒಂದು ವಾಷರ್‌ನಿಂದ ಇಷ್ಟು ವ್ಯತ್ಯಾಸ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಇಂಥ ಪರಿಹಾರ ಹವ್ಯಾಸದ ಸಾಮಾನ್ಯ ಜ್ಞಾನವಾಗಬೇಕಿತ್ತು. ಆಗಲಿಲ್ಲ. ಸ್ಟ್ಯಾಂಡ್ ಇಲ್ಲದಂತಿರಬೇಕು ಎಂದು ಹೊರಟವರಿಗೆ ತಳ ಹಗುರವಾಗಿ, ತೆಳ್ಳಗೆ, ಗಾಜಿನಂತೆ ಇರುವುದೇ ಆದರ್ಶ. ಪಾರದರ್ಶಕ ತಳದ ಅಡಿಯಲ್ಲಿ ವಾಷರ್ ಇಟ್ಟರೆ ಕಾಣುತ್ತದಲ್ಲ! ಹೀಗೆ ಒಂದು ತಪ್ಪು ಆದರ್ಶ ಕಣ್ಣೆದುರಿನ ಪರಿಹಾರವನ್ನೂ ಬಾಗಿಲಾಚೆ ನಿಲ್ಲಿಸುತ್ತದೆ.

ಇನ್ನು ಆಟದ ಮಾತು. ವಾರ್‌ಗೇಮ್ ಬೊಂಬೆ ನೋಡಲಷ್ಟೇ ಇರುವುದಲ್ಲ, ಅದು ಆಟದ ಕಾಯಿ. 2012ರಲ್ಲಿ ಬಂದ ‘ಸ್ಟಾರ್ ವಾರ್ಸ್: ಎಕ್ಸ್-ವಿಂಗ್’ ಆಟವನ್ನು ನೋಡಿ. ಸಣ್ಣ ನೌಕೆಯ ಚೌಕ ತಳದ ಬದಿ 4 ಸೆಂ.ಮೀ. ಗುಂಡು ಹಾರಿಸುವ ಕೋನ ತಳದ ಮೇಲಿನ ರಟ್ಟಿನಲ್ಲಿ ಅಚ್ಚಾಗಿರುತ್ತದೆ, ದೂರವನ್ನು ತಳದಿಂದ ತಳಕ್ಕೆ ಅಳೆಯುತ್ತಾರೆ, ನೌಕೆ ಚಲಿಸುವಾಗ ದಾರಿಯ ಪಟ್ಟಿಯನ್ನು ತಳದ ಅಂಚಿಗೇ ಜೋಡಿಸುತ್ತಾರೆ. ಆಟದ ನಿಯಮಗಳ ಕಣ್ಣಿನಲ್ಲಿ ತಳವೇ ನೌಕೆ. ಇಟಲಿಯ ಆಂಜೊಲಿನೊ ಮತ್ತು ಪಾಲ್ಯಾ ಜೋಡಿ ರೂಪಿಸಿದ ‘ವಿಂಗ್ಸ್ ಆಫ್ ವಾರ್’, ಅದರ ಮುಂದುವರಿಕೆಯಾದ ‘ವಿಂಗ್ಸ್ ಆಫ್ ಗ್ಲೋರಿ’ ಆಟಗಳಲ್ಲಿ ಎತ್ತರದ ನಿಯಮ ಬಳಸುವಾಗ ಕಡ್ಡಿಯ ತುಂಡುಗಳನ್ನು ಒಂದರ ಮೇಲೊಂದು ಸಿಕ್ಕಿಸುತ್ತಾರೆ. ಎಷ್ಟು ತುಂಡೋ ಅಷ್ಟು ಎತ್ತರ. ಅಂದರೆ ಆ ತುಂಡುಗಳು ಇರುವುದೇ ಎಣಿಸಲಿಕ್ಕೆ. ಎಣಿಸಬೇಕಾದ ವಸ್ತುವನ್ನು ಕಾಣದಂತೆ ಮಾಡಬೇಕೆನ್ನುವುದರಲ್ಲಿ ಅರ್ಥವಿಲ್ಲ. 2018ರಲ್ಲಿ ವಾರ್‌ಲಾರ್ಡ್ ಗೇಮ್ಸ್ ಪ್ರಕಟಿಸಿದ, ಆಂಡಿ ಚೇಂಬರ್ಸ್ ರೂಪಿಸಿದ ‘ಬ್ಲಡ್ ರೆಡ್ ಸ್ಕೈಸ್’ ಇನ್ನೂ ಮುಂದೆ ಹೋಯಿತು. ಅಲ್ಲಿನ ಸ್ಟ್ಯಾಂಡ್ ವಿಮಾನವನ್ನು ಮೂತಿ ಮೇಲೆತ್ತಿ, ಮಟ್ಟಸವಾಗಿ, ಇಲ್ಲವೇ ಮೂತಿ ಕೆಳಗಾಗಿ ನಿಲ್ಲಿಸುತ್ತದೆ. ಯಾವ ವಿಮಾನ ಮೇಲುಗೈ ಪಡೆದಿದೆ, ಯಾವುದು ಸಮಸ್ಥಿತಿಯಲ್ಲಿದೆ, ಯಾವುದು ಸಂಕಟದಲ್ಲಿದೆ ಎಂಬುದು ಮೇಜಿನಾಚೆಯಿಂದಲೂ ತಿಳಿಯುತ್ತದೆ. ಆಟ ರೂಪಿಸಿದವರು ಸ್ಟ್ಯಾಂಡಿನ ಬಾಯಿಂದ ಇಷ್ಟೆಲ್ಲ ಹೇಳಿಸುತ್ತಿರುವಾಗ, ಸ್ಟ್ಯಾಂಡ್ ಮಾಡುವವರು ಅದರ ಬಾಯಿ ಮುಚ್ಚಿಸಲು ಯತ್ನಿಸುತ್ತಿದ್ದಾರೆ.

ಆಟ ಬಿಟ್ಟು ಕೇವಲ ಪ್ರದರ್ಶನಕ್ಕೆಂದು ಮಾಡುವವರ ವಾದ ಬೇರೆ: ನಮಗೆ ಹಾರಾಟದ ಭ್ರಮೆ ಬೇಕು, ಕಡ್ಡಿ ಕಂಡರೆ ಭ್ರಮೆ ಒಡೆಯುತ್ತದೆ ಎನ್ನುತ್ತಾರೆ. ಇದೇ ಪ್ರತಿಪಕ್ಷದ ಅತಿ ಗಟ್ಟಿಯಾದ ವಾದ, ಆದ್ದರಿಂದ ಇದಕ್ಕೆ ವಿವರವಾಗಿಯೇ ಉತ್ತರಿಸಬೇಕು. ಹಾರುತ್ತಿದೆ ಎಂಬ ಭಾವ ಕಡ್ಡಿಯ ಅಭಾವದಿಂದ ಹುಟ್ಟುವುದಿಲ್ಲ, ಭಂಗಿಯಿಂದ ಹುಟ್ಟುತ್ತದೆ. ನಿಜವಾದ ವಿಮಾನ ತಿರುಗಬೇಕಾದರೆ ಓರೆಯಾಗಬೇಕು. ಎತ್ತರ ಕಳೆದುಕೊಳ್ಳದೆ 60 ಡಿಗ್ರಿ ಓರೆಯಾಗಿ ತಿರುಗುವ ವಿಮಾನದ ರೆಕ್ಕೆಗಳು ಅದರ ತೂಕದ ಎರಡು ಪಟ್ಟು ಭಾರ ಹೊರುತ್ತವೆ. ಪೈಲಟ್ ತನ್ನ ಆಸನಕ್ಕೆ ಎರಡು ಪಟ್ಟು ಬಲದಿಂದ ಒತ್ತಲ್ಪಡುತ್ತಾನೆ. ವೈಮಾನಿಕ ಕಾಳಗದ ಸೆಣಸಾಟವೆಲ್ಲ ಆ ಓರೆಯಲ್ಲಿದೆ. ಗಗನನೌಕೆಗೆ ಗಾಳಿಯೇ ಇಲ್ಲದ ಕಡೆ ಓರೆಯಾಗುವ ಅಗತ್ಯವಿಲ್ಲ ಎನ್ನಬಹುದು. ಆದರೆ 1977ರ ‘ಸ್ಟಾರ್ ವಾರ್ಸ್’ ಚಿತ್ರದ ಕಾಳಗದ ದೃಶ್ಯಗಳನ್ನು ಎರಡನೆಯ ಮಹಾಯುದ್ಧದ ವಿಮಾನಗಳ ಚಿತ್ರಸುರುಳಿಗಳನ್ನು ಮಾದರಿಯಾಗಿಟ್ಟುಕೊಂಡೇ ಸಂಯೋಜಿಸಿದ್ದರು. ನಮ್ಮ ಕಣ್ಣಿಗೆ ಗಗನನೌಕೆಯ ಹಾರಾಟವೂ ವಿಮಾನದ ಹಾರಾಟವೇ. ಈಗ ಪೆಟ್ಟಿಗೆಯ ಪಾರದರ್ಶಕ ಕಡ್ಡಿ ಮಾಡುವುದೇನು? ಎಲ್ಲ ವಿಮಾನಗಳನ್ನೂ ಒಂದೇ ಎತ್ತರದಲ್ಲಿ, ಮಟ್ಟಸವಾಗಿ, ಕಪಾಟಿನ ಹಲಗೆಯ ಮೇಲಿಟ್ಟಂತೆ ನಿಲ್ಲಿಸುತ್ತದೆ. ಕಡ್ಡಿ ಕಾಣದಿದ್ದರೂ ಅದು ಹಾರುತ್ತಿರುವ ವಿಮಾನವಲ್ಲ, ನೇತುಬಿದ್ದ ವಿಮಾನ. ಗಟ್ಟಿ ಕಡ್ಡಿಯ ಮೇಲೆ ರೆಕ್ಕೆ ಓರೆಮಾಡಿ, ಮೂತಿ ತಗ್ಗಿಸಿ ನಿಲ್ಲಿಸಿದ ಅದೇ ವಿಮಾನ ನೋಡುವವರ ಎದೆ ಝಲ್ಲೆನಿಸುತ್ತದೆ, ಕಡ್ಡಿ ಎಷ್ಟೇ ಕಾಣಲಿ.

ಕಂಡರೂ ಕಣ್ಣಿಗೆ ಅಡ್ಡಿಯಾಗದಿರುವ ಆಸರೆ ನಮಗೆ ಹೊಸದೇನಲ್ಲ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟದಲ್ಲಿ ಸೂತ್ರಗಳು ಕಾಣುತ್ತವೆ. ಆದರೂ ಗೊಂಬೆ ಕುಣಿಯುವಾಗ ಪ್ರೇಕ್ಷಕರ ಮನಸ್ಸು ದಾರದಲ್ಲಿ ನಿಲ್ಲದೆ ವೇಷದಲ್ಲಿ ನಿಲ್ಲುತ್ತದೆ. ಕುಣಿತ ಸರಿಯಾಗಿದ್ದರೆ ಸಾಕು, ದಾರವನ್ನು ಪ್ರೇಕ್ಷಕರೇ ಕ್ಷಮಿಸುತ್ತಾರೆ. ವಿಮಾನದ ಲೋಕದೊಳಗೇ ಸಾಕ್ಷ್ಯ ಬೇಕೆಂದರೆ ಅದೂ ಇದೆ. ಯುದ್ಧವಿಮಾನದ ಪೈಲಟ್‌ಗಳಿಗೆ ಕಾಳಗದ ತಂತ್ರ ಕಲಿಸುವ ಬೋಧಕರು ಕೋಲಿನ ತುದಿಗೆ ಸಿಕ್ಕಿಸಿದ ಮಾದರಿ ವಿಮಾನಗಳನ್ನು ಎರಡೂ ಕೈಯಲ್ಲಿ ಹಿಡಿದು, ಯಾರು ಯಾರ ಬಾಲ ಹಿಡಿದರು ಎಂದು ತೋರಿಸುತ್ತ ಬಂದಿದ್ದಾರೆ. ಪ್ರಾಣಾಪಾಯದ ವಿದ್ಯೆಯನ್ನು ಕಲಿಯುವವರಿಗೆ ಆ ಕೋಲು ಎಂದೂ ಅಡ್ಡಿಯಾಗಲಿಲ್ಲ. ವಾಯುನೆಲೆಗಳ ಹೆಬ್ಬಾಗಿಲಲ್ಲಿ ನಿವೃತ್ತ ಯುದ್ಧವಿಮಾನಗಳನ್ನು ಉಕ್ಕಿನ ಅಥವಾ ಕಾಂಕ್ರೀಟಿನ ಕಂಬದ ಮೇಲೆ, ಮೂತಿ ಮುಗಿಲಿಗೆತ್ತಿ ನಿಲ್ಲಿಸುವುದುಂಟು. ಕಂಬ ದಪ್ಪಗೆ, ಎಲ್ಲರಿಗೂ ಕಾಣುವಂತೆ ನಿಂತಿರುತ್ತದೆ, ಆದರೂ ಆ ವಿಮಾನ ಜಿಗಿದು ಹೊರಟಂತೆಯೇ ತೋರುತ್ತದೆ. ಟನ್ನುಗಟ್ಟಲೆ ತೂಕದ ನಿಜ ವಿಮಾನಕ್ಕೆ ಒಪ್ಪುವ ಪ್ರಾಮಾಣಿಕ ಕಂಬ ಅಂಗೈಯಗಲದ ಬೊಂಬೆಗೆ ಒಪ್ಪದೆ ಇರಲು ಕಾರಣವಿಲ್ಲ.

ಪಾರದರ್ಶಕ ಕಡ್ಡಿಯ ಕೊರತೆಯನ್ನು ಅರಿತವರು ಅದೇ ಆದರ್ಶವನ್ನು ಬೇರೆ ದಾರಿಯಲ್ಲಿ ಹಿಡಿಯುತ್ತಾರೆ. ಕಡ್ಡಿಗೆ ಹತ್ತಿ ಸುತ್ತಿ ಹೊಗೆ ಮಾಡುತ್ತಾರೆ, ಇಲ್ಲವೇ ಕಡ್ಡಿಯ ಬದಲು ಮರದ ತೊಗಟೆಯ ಬಂಡೆಯನ್ನು ನಿಲ್ಲಿಸಿ, ಡ್ರ್ಯಾಗನ್ನಿನ ಬಾಲವನ್ನೋ ಕಾಲ್ಬೆರಳನ್ನೋ ಅದಕ್ಕೆ ತಗುಲಿಸುತ್ತಾರೆ. ಕೈಚಳಕ ಅಲ್ಲಿ ನಿಜಕ್ಕೂ ದೊಡ್ಡದು. ನೆಲದಿಂದ ಈಗಷ್ಟೇ ಚಿಮ್ಮುತ್ತಿರುವ ರಾಕೆಟ್ಟಿಗೆ, ಉರಿದು ಬೀಳುತ್ತಿರುವ ವಿಮಾನಕ್ಕೆ ಹೊಗೆ ಕಥೆಯ ಭಾಗ. ಬಂಡೆಯಿಂದ ನೆಗೆಯುತ್ತಿರುವ ಡ್ರ್ಯಾಗನ್ನಿಗೆ ಬಂಡೆ ಕಥೆಯ ಭಾಗ. ಅಂಥ ಕಡೆ ಅವಕ್ಕೆ ನನ್ನ ಆಕ್ಷೇಪವಿಲ್ಲ. ಕಡ್ಡಿಯನ್ನು ಮುಚ್ಚಬೇಕೆಂಬ ಒಂದೇ ಕಾರಣಕ್ಕೆ ಕಥೆಯನ್ನು ಬದಲಿಸುವುದು ನನ್ನ ಆಕ್ಷೇಪ. ನಿರಾತಂಕವಾಗಿ ಹಾರುತ್ತಿರುವ ವಿಮಾನದ ಹೊಟ್ಟೆಯಿಂದ ನೆಲದವರೆಗೆ ಹೊಗೆಯ ಕಂಬ ಇಳಿದರೆ ನೋಡುವವರಿಗೆ ಅರ್ಥವಾಗುವುದೇನು? ಆಕಾಶದ ನಡುವೆ ಹಾರಬೇಕಾದ ಪ್ರಾಣಿಯ ಬಾಲ ಸದಾ ಒಂದು ಬಂಡೆಗೆ ಅಂಟಿಯೇ ಇದ್ದರೆ ಅದು ಎತ್ತರಕ್ಕೆ ಹಾರುವುದಾದರೂ ಎಂದು? ಮುಚ್ಚುವ ಹಟದಲ್ಲಿ ಹೇಳಬಾರದ ಸುಳ್ಳನ್ನು ಹೇಳುವುದಕ್ಕಿಂತ, ಇದು ಆಸರೆಯ ಕಡ್ಡಿ ಎಂದು ನೇರವಾಗಿ ಒಪ್ಪಿಕೊಳ್ಳುವುದು ಮೇಲು. ಒಪ್ಪಿಕೊಂಡ ಕಡ್ಡಿಯನ್ನು ಕಣ್ಣು ಬೇಗ ಬಿಟ್ಟುಕೊಡುತ್ತದೆ. ಬಚ್ಚಿಟ್ಟ ಕಡ್ಡಿಯನ್ನು ಅದು ಹುಡುಕುತ್ತಲೇ ಇರುತ್ತದೆ.

ಛಾಯಾಚಿತ್ರದ ಆಕ್ಷೇಪ ಇನ್ನೊಂದು. ಇವತ್ತು ಬೊಂಬೆಗಳನ್ನು ನೇರವಾಗಿ ನೋಡುವವರಿಗಿಂತ ಚಿತ್ರದಲ್ಲಿ ನೋಡುವವರೇ ಹೆಚ್ಚು, ಚಿತ್ರದಲ್ಲಿ ಪಾರದರ್ಶಕ ಕಡ್ಡಿ ಹಿನ್ನೆಲೆಯಲ್ಲಿ ಕರಗುತ್ತದೆ ಎನ್ನುವವರಿದ್ದಾರೆ. ಒಂದೇ ಬಣ್ಣದ ಹಿನ್ನೆಲೆ, ಎಲ್ಲ ಕಡೆಯಿಂದಲೂ ಮೃದುವಾದ ಬೆಳಕು ಇದ್ದರೆ ಈ ಮಾತು ಸ್ವಲ್ಪ ಮಟ್ಟಿಗೆ ನಿಜ. ಆದರೆ ಬೊಂಬೆಯ ಉಬ್ಬುತಗ್ಗು ಕಾಣಬೇಕಾದರೆ ಒಂದು ಕಡೆಯಿಂದ ಚುರುಕಾದ ಬೆಳಕು ಬೇಕು, ಆ ಬೆಳಕೇ ಕಡ್ಡಿಯ ಮೇಲೆ ಬಿಳಿ ಗೀಟು ಎಳೆಯುತ್ತದೆ. ಬೂದು ಬಣ್ಣದ ತೆಳು ತಂತಿಗೆ ಅಂಥ ಗೀಟು ಬರುವುದಿಲ್ಲ. ಸ್ಪರ್ಧೆಗಳ ತೀರ್ಪುಗಾರರಿಗೂ ಇದೇ ಮಾತು ಅನ್ವಯಿಸುತ್ತದೆ. ಬೊಂಬೆಯ ಪ್ರತಿ ಗುಂಡಿ, ಪ್ರತಿ ಗರಿಯನ್ನು ಪರೀಕ್ಷಿಸುವವರು ಸ್ಟ್ಯಾಂಡಿನ ಬಳಿ ಬಂದಾಗ, ಕಾಣುತ್ತದೆಯೇ ಇಲ್ಲವೇ ಎಂಬ ಒಂದೇ ಪ್ರಶ್ನೆ ಕೇಳಿ ಮುಂದೆ ಹೋಗುವುದು ಕಲೆಗೆ ಮಾಡುವ ಅನ್ಯಾಯ. ಭಾರ ಸರಿಯಾದ ಜಾಗದಲ್ಲಿ ಹೊತ್ತಿದೆಯೇ, ಭಂಗಿಗೆ ಒಪ್ಪುವ ಕೋನ ಕೊಟ್ಟಿದೆಯೇ, ತಳದ ಚಿತ್ರಣ ಮೇಲಿನ ಹಾರಾಟಕ್ಕೆ ಎತ್ತರದ ಅರ್ಥ ತಂದಿದೆಯೇ, ಇವು ಕೇಳಬೇಕಾದ ಪ್ರಶ್ನೆಗಳು.

ಇದೆಲ್ಲ ಪಳಗಿದವರಿಗೆ ಸರಿ, ಹೊಸಬರಿಗೆ ಪೆಟ್ಟಿಗೆಯ ಕಡ್ಡಿಯೇ ಗತಿ ಎನ್ನುವುದು ಇನ್ನೊಂದು ಆಕ್ಷೇಪ. ಇದು ತಲೆಕೆಳಗಾದ ಮಾತು, ಅದರಲ್ಲೂ ನಮ್ಮ ಕಡೆ. ಈ ಹವ್ಯಾಸದ ಬೊಂಬೆಗಳು ಹೆಚ್ಚಿನವು ವಿದೇಶದಿಂದ ಬರಬೇಕು. ಮುರಿದ ಕಡ್ಡಿಗೆ ಬದಲಿ ತರಿಸುವುದೆಂದರೆ ಹಣವೂ ಹೋಗುತ್ತದೆ, ಕಾಯುವ ಕಾಲವೂ ಹೋಗುತ್ತದೆ. ಆದರೆ ಸೈಕಲ್ ಸ್ಪೋಕ್ ಬೆಂಗಳೂರಿನಲ್ಲೂ ಸಿಗುತ್ತದೆ, ತಾಲ್ಲೂಕು ಕೇಂದ್ರದ ಸೈಕಲ್ ಶಾಪಿನಲ್ಲೂ ಸಿಗುತ್ತದೆ. ಮಾಡುವ ಕೆಲಸವೂ ಕಷ್ಟದ್ದಲ್ಲ. ಮೊದಲು ಬೊಂಬೆಯ ತೂಕ ಎಲ್ಲಿ ಸಮನಾಗುತ್ತದೆ ಎಂದು ಬೆರಳ ತುದಿಯ ಮೇಲೆ ಆಡಿಸಿ ನೋಡಿ, ಹೊಟ್ಟೆಯಲ್ಲಿ ಆ ಜಾಗಕ್ಕೆ ಪೆನ್ಸಿಲಿನಿಂದ ಗುರುತು ಮಾಡಬೇಕು. ತಯಾರಕರು ಕೊಟ್ಟ ತೂತು ಬಹಳ ಸಲ ಆ ಗುರುತಿನಿಂದ ದೂರದಲ್ಲಿರುತ್ತದೆ, ಮೂಗು ಭಾರವಾಗಿ ಬೊಂಬೆ ಜೋಲುವುದಕ್ಕೆ ಕಾರಣ ಅದೇ. ಗುರುತಿದ್ದಲ್ಲಿ ಕೈಡ್ರಿಲ್ಲಿನಿಂದ ನಿಧಾನವಾಗಿ ಕೊರೆದು, ಸ್ಪೋಕ್ ಸಡಿಲವಿಲ್ಲದೆ ಜಾರುವಷ್ಟು ಒಳವ್ಯಾಸದ ಹಿತ್ತಾಳೆ ಕೊಳವೆಯ ಚೂರೊಂದನ್ನು ಅರಾಲ್ಡೈಟ್ ಹಾಕಿ ಕೂರಿಸಬೇಕು. ಸ್ಪೋಕನ್ನು ಬೇಕಾದ ಎತ್ತರಕ್ಕೆ ಕತ್ತರಿಸಿ, ತುದಿಯನ್ನು ಅರದಿಂದ ಉಜ್ಜಿ, ಕೆಳತುದಿಯನ್ನು ಲಂಬಕೋನಕ್ಕೆ ಬಗ್ಗಿಸಿ ತಳದಲ್ಲಿ ಹೂಳಬೇಕು. ಬಗ್ಗಿದ ಕಾಲು ಇದ್ದರೆ ಕಡ್ಡಿ ತಿರುಗುವುದಿಲ್ಲ, ಕಿತ್ತೂ ಬರುವುದಿಲ್ಲ. ಓರೆ ಭಂಗಿ ಬೇಕಿದ್ದರೆ ಮೇಲ್ತುದಿಯನ್ನು ಆ ಕೋನಕ್ಕೆ ಬಗ್ಗಿಸಿದರಾಯಿತು. ಭಂಗಿಯನ್ನು ಆಗಾಗ ಬದಲಿಸಬೇಕೆನ್ನುವವರು ಕಡ್ಡಿಯ ತುದಿಗೆ ಸೈಕಲ್ ಬೇರಿಂಗಿನ ಉಕ್ಕಿನ ಗುಂಡು ಅಂಟಿಸಿ, ಬೊಂಬೆಯ ಹೊಟ್ಟೆಯಲ್ಲಿ ಉಂಗುರದಾಕಾರದ ನಿಯೋಡಿಮಿಯಮ್ ಅಯಸ್ಕಾಂತ ಕೂರಿಸಬಹುದು; ಉಂಗುರದ ಕುಳಿ ಗುಂಡನ್ನು ಹಿಡಿದುಕೊಳ್ಳುತ್ತದೆ, ಬೊಂಬೆ ಬೇಕಾದ ಕಡೆ ವಾಲುತ್ತದೆ. ಇಂಥ ಅಯಸ್ಕಾಂತಗಳನ್ನು ಮಕ್ಕಳು ನುಂಗಿದರೆ ಜೀವಕ್ಕೇ ಅಪಾಯ, ಅವರ ಕೈಗೆ ಸಿಗದಂತೆ ಇಡಬೇಕು. ಕೊಳವೆಯಾಗಲಿ ಅಯಸ್ಕಾಂತವಾಗಲಿ, ಎರಡರಲ್ಲೂ ಬೊಂಬೆ ಬಿಚ್ಚಿ ಬರುವುದರಿಂದ ಸಾಗಿಸುವ ತೊಂದರೆಯೂ ತೀರುತ್ತದೆ.

ನಿಯಮದ ಆಕ್ಷೇಪವನ್ನು ಮಾತ್ರ ಗೌರವದಿಂದ ಒಪ್ಪಬೇಕು. ಬೊಂಬೆಯ ಕಣ್ಣಮಟ್ಟದಿಂದ ನೋಡಿ ಗುರಿ ನಿರ್ಧರಿಸುವ ಆಟಗಳಲ್ಲಿ ಕಡ್ಡಿಯ ಎತ್ತರ ಬದಲಾದರೆ ಆಟವೇ ಬದಲಾಗುತ್ತದೆ. ಎತ್ತರಿಸಿದವರು ಗೋಡೆಯಾಚೆ ನೋಡುತ್ತಾರೆ, ತಗ್ಗಿಸಿದವರು ಗೋಡೆಯ ಮರೆಯಲ್ಲಿ ಅಡಗುತ್ತಾರೆ. ಸ್ಪರ್ಧೆಗೆ ಒಯ್ಯುವ ಬೊಂಬೆಗೆ ಪೆಟ್ಟಿಗೆಯಲ್ಲಿ ಬಂದ ಎತ್ತರವನ್ನೂ ತಳದ ಅಳತೆಯನ್ನೂ ಕಾಪಾಡಿಕೊಳ್ಳಲೇಬೇಕು. ಆದರೆ ಈ ನಿಯಮ ಅಳತೆಯನ್ನು ಕಾಯುತ್ತದೆಯೇ ಹೊರತು ಪಾರದರ್ಶಕತೆಯನ್ನಲ್ಲ. ಅದೇ ಎತ್ತರದ ಉಕ್ಕಿನ ಕಡ್ಡಿ, ಅದೇ ಅಳತೆಯ ಭಾರದ ತಳ ಇದ್ದರೆ ಎದುರಾಳಿಗೆ ಯಾವ ಅನ್ಯಾಯವೂ ಆಗುವುದಿಲ್ಲ. ತಳದ ಅಂಚಿನಲ್ಲಿ ಮುಂಭಾಗದ ಗುರುತು, ಗುಂಡು ಹಾರಿಸುವ ಕೋನದ ಗೆರೆಗಳನ್ನು ಬಣ್ಣದಲ್ಲಿ ಬರೆದರೆ ಜಗಳಗಳೇ ಕಡಿಮೆಯಾಗುತ್ತವೆ. ಪಾರದರ್ಶಕ ಕಡ್ಡಿಗೆ ತಕ್ಕ ಜಾಗ ಇಲ್ಲವೆಂದೂ ನಾನು ಹೇಳುತ್ತಿಲ್ಲ. ಬೆರಳ ತುದಿಯಷ್ಟು ಎತ್ತರದಲ್ಲಿ ತೇಲುವ ಹಗುರ ಪ್ಲಾಸ್ಟಿಕ್ ಬೊಂಬೆಗೆ ಗಿಡ್ಡ ಪಾರದರ್ಶಕ ಕಡ್ಡಿ ಸಾಕು. ಅಲ್ಲಿ ಬಾಗುವಷ್ಟು ಉದ್ದವೂ ಇಲ್ಲ, ಮುರಿಯುವಷ್ಟು ಭಾರವೂ ಇಲ್ಲ. ತವರಪ್ರಧಾನ ಮಿಶ್ರಲೋಹದ ಬೊಂಬೆ ಅದೇ ಗಾತ್ರದ ಪ್ಲಾಸ್ಟಿಕ್ ಬೊಂಬೆಗಿಂತ ಸುಮಾರು ಏಳು ಪಟ್ಟು ತೂಗುತ್ತದೆ. ಆ ಭಾರವನ್ನು ಎತ್ತರದಲ್ಲಿ ಹೊರಲು ಪಾರದರ್ಶಕ ಕಡ್ಡಿಯನ್ನು ನಂಬುವುದು ಮಾತ್ರ ತಪ್ಪು.

ಸಾಕ್ಷ್ಯವೆಲ್ಲ ಒಂದೇ ಕಡೆ ಬೆರಳು ತೋರಿಸುತ್ತದೆ. ಬೆಳಕಿನ ನಿಯಮಗಳು ಪಾರದರ್ಶಕ ಕಡ್ಡಿಯನ್ನು ಅದೃಶ್ಯವಾಗಲು ಬಿಡುವುದಿಲ್ಲ. ಬಲದ ಲೆಕ್ಕ ಅದನ್ನು ಒಳ್ಳೆಯ ಆಸರೆಯಾಗಲು ಬಿಡುವುದಿಲ್ಲ. ಆಟದ ನಿಯಮಗಳು ಕಾಣುವ, ಓದಬಹುದಾದ ಸ್ಟ್ಯಾಂಡನ್ನು ಕೇಳುತ್ತಿವೆ, ಹಾರಾಟದ ಸೊಗಸು ಭಂಗಿಯನ್ನು ಹಿಡಿದಿಡುವ ಗಟ್ಟಿ ಸ್ಟ್ಯಾಂಡನ್ನು ಕೇಳುತ್ತಿದೆ. ಇಷ್ಟಾದರೂ ಕಾಣದ ಕಡ್ಡಿಯ ಆದರ್ಶಕ್ಕೆ ಜೋತುಬಿದ್ದರೆ ನಷ್ಟವಾಗುವುದು ಹವ್ಯಾಸದ ಅತಿ ಒಳ್ಳೆಯ ಗುಣಕ್ಕೇ, ಅಂದರೆ ಸಣ್ಣ ವಸ್ತುವಿನ ಪ್ರತಿ ಭಾಗವನ್ನೂ ಕೈಯಾರೆ, ಮನಸಾರೆ ಮಾಡುವ ಶ್ರದ್ಧೆಗೆ. ಆ ಶ್ರದ್ಧೆ ಬೊಂಬೆಯ ಹೊಟ್ಟೆಯ ಹತ್ತಿರ ಬಂದು ನಿಂತುಬಿಡಬಾರದು. ತಯಾರಕರು ಪೆಟ್ಟಿಗೆಯಲ್ಲಿ ಲೋಹದ ಕಡ್ಡಿಯನ್ನು, ತೂಕದ ಸಮತೋಲದಲ್ಲಿ ಕೊರೆದ ತೂತನ್ನು ಕೊಡಲಿ. ತೀರ್ಪುಗಾರರು ಸ್ಟ್ಯಾಂಡಿಗೂ ಅಂಕ ಕೊಡಲಿ. ಹೊಸಬರಿಗೆ ಕಲಿಸುವವರು ಬಣ್ಣದ ಜೊತೆಗೆ ಭಾರ, ಸಮತೋಲ, ಓರೆಕೋನಗಳ ಪಾಠವನ್ನೂ ಹೇಳಿಕೊಡಲಿ. ಹಾರುವ ಬೊಂಬೆ ಮಾಡಲು ಕೂತವರು ಮೊದಲು ಅದು ಹೇಗೆ ನಿಲ್ಲುತ್ತದೆ ಎಂದು ತೀರ್ಮಾನಿಸಿ, ಆಮೇಲೆ ಕುಂಚ ಕೈಗೆತ್ತಿಕೊಳ್ಳಲಿ.